ಅಳುವುದಕ್ಕೂ ಶಕ್ತಿ ಉಳಿಯದ ಮೇಲೆ

ಸಾವಿನ ಮನೆಗೆ ಹೋದವರು ಹೊರಡುವಾಗ ಹೇಳಿ ಬರುವ ಮಾತು ಒಂದೇ: "ಮನಸ್ಸು ಗಟ್ಟಿ ಮಾಡ್ಕೊ." ಅದು ಹೇಳಿದಷ್ಟು ಸುಲಭವಲ್ಲ ಅಂತ ಹೇಳುವವರಿಗೂ ಗೊತ್ತು. ಬೇರೆ ಮಾತು ಬಾಯಿಗೆ ಬರುವುದಿಲ್ಲ, ಹೇಳುತ್ತಾರೆ. ಕೇಳಿಸಿಕೊಂಡವರ ಒಳಗೆ ಮಾತ್ರ ಪ್ರಶ್ನೆ ಹಾಗೇ ಉಳಿಯುತ್ತದೆ: ಮಾಡಿಕೊಳ್ಳುವುದು ಸರಿ, ಯಾವುದನ್ನು ಹಿಡಿದುಕೊಂಡು ಮಾಡಿಕೊಳ್ಳಲಿ?

ಯೆಹೂದ್ಯರ ಧರ್ಮಗ್ರಂಥವಾದ ತನಖ್‌ನಲ್ಲಿ ಈ ಪ್ರಶ್ನೆಗೆ ನೇರವಾಗಿ ಎದುರಾಗುವ ಒಂದು ಕ್ರಿಯಾಪದವಿದೆ. ಸಮುವೇಲನ ಮೊದಲನೆಯ ಪುಸ್ತಕದ 30ನೇ ಅಧ್ಯಾಯ, 6ನೇ ವಚನ. ಅದರ ತೂಕ ತಿಳಿಯಬೇಕಾದರೆ ಆ ದಿನ ಏನಾಯಿತು ಎನ್ನುವುದು ಮೊದಲು ಗೊತ್ತಾಗಬೇಕು.

ದಾವೀದ ಇನ್ನೂ ರಾಜನಾಗಿರಲಿಲ್ಲ. ಇಸ್ರೇಲಿನ ಮೊದಲ ಅರಸ ಸೌಲ ಅವನನ್ನು ಕೊಲ್ಲಲು ಬೆಟ್ಟ ಗುಹೆಗಳನ್ನೆಲ್ಲ ಜಾಲಾಡುತ್ತಿದ್ದ. ಓಡಿ ಓಡಿ ಸಾಕಾದ ದಾವೀದ, ಇಂದಲ್ಲ ನಾಳೆ ಇವನ ಕೈಯಲ್ಲೇ ನನ್ನ ಸಾವು ಅಂತ ಮನಸ್ಸಿನಲ್ಲೇ ಅಂದುಕೊಂಡು, ತನ್ನ 600 ಜನ ಸಂಗಾತಿಗಳನ್ನೂ ಅವರ ಸಂಸಾರಗಳನ್ನೂ ಕಟ್ಟಿಕೊಂಡು ಶತ್ರುಗಳಾದ ಫಿಲಿಷ್ಟಿಯರ ನಾಡಿಗೆ ಹೋಗಿ ಸೇರಿಕೊಂಡ. ಗತ್ ಊರಿನ ಅರಸ ಆಕೀಷ ಅವನಿಗೆ ಚಿಕ್ಲಗ್ ಎಂಬ ಊರನ್ನು ಬಿಟ್ಟುಕೊಟ್ಟ. ಅಲ್ಲಿ ಒಂದು ವರ್ಷ ನಾಲ್ಕು ತಿಂಗಳ ವಾಸ. ಈ ಅವಧಿಯಲ್ಲಿ ದಾವೀದ ಸುತ್ತಲ ಜನರ ಮೇಲೆ, ಅಮಾಲೇಕ್ಯರ ಮೇಲೂ, ದಾಳಿ ಮಾಡಿ, ಸುದ್ದಿ ಹೊರಗೆ ಹೋಗದಿರಲೆಂದು ಗಂಡಸರು ಹೆಂಗಸರು ಯಾರನ್ನೂ ಉಳಿಸದೆ ಬಂದ, ಆಕೀಷನಿಗೆ ಸುಳ್ಳು ಹೇಳಿದ ಎನ್ನುವುದನ್ನೂ ಗ್ರಂಥ ಮುಚ್ಚಿಡುವುದಿಲ್ಲ. ಮುಂದೆ ಬರುವ ದೃಶ್ಯವನ್ನು ಓದುವಾಗ ಇದು ನೆನಪಿರಬೇಕು. ಗ್ರಂಥ ಹೇಳುತ್ತಿರುವುದು ಕೈಗೆ ರಕ್ತ ಹತ್ತಿದ ಒಬ್ಬ ಮನುಷ್ಯನ ಕತೆ.

ಫಿಲಿಷ್ಟಿಯರು ಇಸ್ರೇಲಿನ ಮೇಲೆ ಯುದ್ಧಕ್ಕೆ ಹೊರಟಾಗ ದಾವೀದನೂ ಜೊತೆಗೆ ಹೊರಟ. ಅವರ ನಾಯಕರಿಗೆ ಇವನ ಮೇಲೆ ನಂಬಿಕೆ ಬರಲಿಲ್ಲ, ವಾಪಸು ಕಳಿಸಿದರು. ಮೂರನೆಯ ದಿನ ಚಿಕ್ಲಗಿಗೆ ಬಂದು ನೋಡಿದರೆ ಊರು ಸುಟ್ಟು ಹೋಗಿದೆ. ಅಮಾಲೇಕ್ಯರು ಬಂದು ಬೆಂಕಿ ಇಟ್ಟು, ಹೆಂಡತಿ ಮಕ್ಕಳನ್ನೆಲ್ಲ ಹಿಡಿದುಕೊಂಡು ಹೋಗಿದ್ದಾರೆ. ದಾವೀದನ ಇಬ್ಬರು ಹೆಂಡತಿಯರು, ಅಹೀನೋವಮಳೂ ಅಬೀಗೈಲಳೂ, ಹೋದವರಲ್ಲಿ ಸೇರಿದ್ದಾರೆ. ಬದುಕಿದ್ದಾರೋ ಇಲ್ಲವೋ ಹೇಳುವವರು ಯಾರೂ ಇಲ್ಲ. ಸೆರೆಯಾದವರಲ್ಲಿ ಒಬ್ಬರನ್ನೂ ಕೊಂದಿಲ್ಲ ಎನ್ನುವುದು ಓದುವ ನಮಗೆ ಗೊತ್ತು, ಬೂದಿಯ ಮುಂದೆ ನಿಂತ ಅವರಿಗೆ ಗೊತ್ತಿಲ್ಲ.

ಅವರು ಅತ್ತರು. ಎಷ್ಟು ಅತ್ತರು ಅಂದರೆ, ಅಳುವುದಕ್ಕೂ ಶಕ್ತಿ ಉಳಿಯದಷ್ಟು. ಇದು ಗ್ರಂಥದ ಮಾತೇ. ಯುದ್ಧ ಕಂಡ 600 ಗಂಡಸರ ಬಗ್ಗೆ ಹೀಗೆ ಬರೆಯುವಾಗ ಬರೆದವನಿಗೆ ಸ್ವಲ್ಪವೂ ಸಂಕೋಚವಿಲ್ಲ. ಆಮೇಲೆ ದುಃಖ ಸಿಟ್ಟಿಗೆ ತಿರುಗಿತು. ಇವನ ಹಿಂದೆ ಬಂದಿದ್ದಕ್ಕೇ ಹೀಗಾಯಿತು, ಕಲ್ಲು ಹೊಡೆದು ಕೊಲ್ಲೋಣ ಅಂತ ಅವನದೇ ಜನ ಮಾತಾಡಿಕೊಳ್ಳತೊಡಗಿದರು. ಮನೆ ಹೋಯಿತು, ಸಂಸಾರ ಹೋಯಿತು, ಜೊತೆಗಾರರೂ ಎದುರು ನಿಂತರು. ಈ ಜಾಗದಲ್ಲಿ ಆ ವಾಕ್ಯ ಬರುತ್ತದೆ: "ವಯ್ಯಿತ್‌ಹಜ್ಜೇಕ್ ದಾವೀದ್." ದಾವೀದ ತನ್ನ ದೇವರಲ್ಲಿ ತನ್ನನ್ನು ತಾನು ಗಟ್ಟಿ ಮಾಡಿಕೊಂಡ.

ಇಲ್ಲಿ ಸ್ವಲ್ಪ ವ್ಯಾಕರಣ ಬೇಕು. ಕನ್ನಡ ಬಲ್ಲವರಿಗೆ ಇದು ಕಷ್ಟವಾಗಲಾರದು. ಹೀಬ್ರೂ ಭಾಷೆಯಲ್ಲಿ ಪದಗಳು ಸಾಮಾನ್ಯವಾಗಿ ಮೂರು ವ್ಯಂಜನಗಳ ಬೇರಿನಿಂದ ಹುಟ್ಟುತ್ತವೆ. ಇಲ್ಲಿನ ಬೇರು ಹ-ಜ-ಕ: ಬಲ, ಗಟ್ಟಿತನ, ಬಿಗಿ ಹಿಡಿತ. ಒಂದೇ ಬೇರನ್ನು ಬೇರೆ ಬೇರೆ ಅಚ್ಚಿಗೆ ಹಾಕಿದರೆ ಅರ್ಥ ಹೊರಳುತ್ತದೆ. "ಹಜಕ್" ಎಂದರೆ ಗಟ್ಟಿಯಾಗಿರು. "ಹಿಜ್ಜೇಕ್" ಎಂದರೆ ಇನ್ನೊಬ್ಬರನ್ನು ಗಟ್ಟಿ ಮಾಡಿದ. "ಹಿತ್‌ಹಜ್ಜೇಕ್" ಎಂದರೆ ತನ್ನನ್ನು ತಾನೇ ಗಟ್ಟಿ ಮಾಡಿಕೊಂಡ. ನಾವು "ಮಾಡು" ಎನ್ನುವುದಕ್ಕೆ "ಕೊಳ್ಳು" ಸೇರಿಸಿ "ಮಾಡಿಕೊಳ್ಳು" ಅಂದಾಗ ಕೆಲಸ ಮಾಡುವವನ ಕಡೆಗೇ ಹೊರಳಿ ಬರುತ್ತದಲ್ಲ, ಹೀಬ್ರೂವಿನ ಆ ಮೂರನೆಯ ಅಚ್ಚು ಮಾಡುವ ಕೆಲಸವೂ ಬಹುಮಟ್ಟಿಗೆ ಅದೇ. ಪ್ರಾರ್ಥಿಸು ಎನ್ನುವುದಕ್ಕೆ ಹೀಬ್ರೂವಿನಲ್ಲಿರುವ "ಹಿತ್‌ಪಲ್ಲೇಲ್" ಕೂಡ ಇದೇ ಅಚ್ಚಿನದು, ನಮ್ಮ "ಬೇಡಿಕೊಳ್ಳು" ಇದ್ದ ಹಾಗೆ.

ಈ ವ್ಯತ್ಯಾಸ ಯಾಕೆ ಮುಖ್ಯ? ಏಳು ಅಧ್ಯಾಯಗಳ ಹಿಂದೆ ಹೋಗಬೇಕು. ದಾವೀದ ಜೀಫ್ ಎಂಬ ಕಾಡುಸೀಮೆಯಲ್ಲಿ ಅಡಗಿದ್ದಾಗ ಅವನನ್ನು ಹುಡುಕಿಕೊಂಡು ಒಬ್ಬ ಬಂದ. ಯೋನಾತಾನ, ಸೌಲನ ಮಗ. ತಂದೆ ಕೊಲ್ಲಲು ಅಲೆಯುತ್ತಿರುವಾಗ ಮಗ ಬಂದು, ಹೆದರಬೇಡ, ಮುಂದೆ ನೀನೇ ಅರಸ, ನಾನು ನಿನಗೆ ಎರಡನೆಯವನಾಗಿರುತ್ತೇನೆ ಅಂದ. ಅಲ್ಲಿ ಗ್ರಂಥ ಬಳಸುವುದು ಅದೇ ಬೇರಿನ ಎರಡನೆಯ ಅಚ್ಚನ್ನು: ಯೋನಾತಾನ ದೇವರಲ್ಲಿ ದಾವೀದನ "ಕೈಯನ್ನು ಗಟ್ಟಿ ಮಾಡಿದ." ಆ ಗೆಳೆಯರು ಮತ್ತೆ ಸೇರಿದ್ದನ್ನು ಗ್ರಂಥ ಎಲ್ಲೂ ಹೇಳುವುದಿಲ್ಲ. ಚಿಕ್ಲಗ್ ಹೊಗೆಯಾಡುತ್ತಿರುವ ಹೊತ್ತಿಗೆ ಯೋನಾತಾನ ಉತ್ತರದಲ್ಲಿ ಯುದ್ಧಭೂಮಿಯಲ್ಲಿದ್ದಾನೆ, ಮುಂದಿನ ಅಧ್ಯಾಯದಲ್ಲೇ ಗಿಲ್ಬೋವ ಬೆಟ್ಟದಲ್ಲಿ ಸಾಯುತ್ತಾನೆ. ಹಿಂದೊಮ್ಮೆ ಗೆಳೆಯ ಬಂದು ಮಾಡಿಕೊಟ್ಟ ಕೆಲಸವನ್ನು ಈಗ ದಾವೀದ ತಾನೇ ಮಾಡಿಕೊಳ್ಳಬೇಕಾಗಿದೆ. ಎರಡು ಕಡೆಯೂ "ದೇವರಲ್ಲಿ" ಎನ್ನುವ ಮಾತು ಮಾತ್ರ ಹಾಗೇ ಇದೆ. ಗೆಳೆಯ ಒಮ್ಮೆ ಕೈ ಹಿಡಿದು ತೋರಿಸಿದ ಜಾಗಕ್ಕೆ ಈಗ ಒಬ್ಬನೇ ನಡೆದು ಹೋದ ಅಂತ ನಾನು ಓದಿಕೊಳ್ಳುತ್ತೇನೆ.

ಇನ್ನೊಂದು ಸೂಕ್ಷ್ಮವಿದೆ. ದಾವೀದ ಗಟ್ಟಿ ಮಾಡಿಕೊಂಡಾಗ ದೇವರಿಂದ ಯಾವ ಮಾತೂ ಬಂದಿರಲಿಲ್ಲ. ಮೊದಲು ಅತ್ತ, ಆಮೇಲೆ ಗಟ್ಟಿಯಾದ, ಅದಾದ ಮೇಲೆಯೇ ಯಾಜಕನನ್ನು ಕರೆದು ಏಫೋದ್ ತರಿಸಿ ಕೇಳಿದ. ಏಫೋದ್ ಎಂದರೆ ಯಾಜಕನ ಉಡುಪು, ದೇವರ ಇಚ್ಛೆ ಕೇಳುವಾಗ ಬಳಸುತ್ತಿದ್ದದ್ದು. ತಂದುಕೊಟ್ಟವನು ಎಬ್ಯಾತಾರ. ನೋಬ್ ಎಂಬ ಊರಿನಲ್ಲಿ ಸೌಲ ಒಂದೇ ದಿನ 85 ಯಾಜಕರನ್ನು ಕೊಲ್ಲಿಸಿದಾಗ ತಪ್ಪಿಸಿಕೊಂಡು ಬಂದವನು. ಆ ಯಾಜಕರು ಸತ್ತದ್ದು ದಾವೀದನಿಗೆ ಸಹಾಯ ಮಾಡಿದರು ಎನ್ನುವ ಆರೋಪಕ್ಕೆ. ನಿನ್ನ ಮನೆತನದ ಸಾವಿಗೆ ನಾನೇ ಕಾರಣನಾದೆ ಅಂತ ದಾವೀದ ಅಂದೇ ಅವನಿಗೆ ಹೇಳಿದ್ದ. ಬೂದಿಯ ನಡುವೆ ದಾವೀದ ಕರೆದದ್ದು ತನ್ನಿಂದಾಗಿ ಎಲ್ಲವನ್ನೂ ಕಳೆದುಕೊಂಡವನನ್ನು. ಅವನು ಬಂದ.

ದಾವೀದ ಕೇಳಿದ್ದು ಇಷ್ಟೇ: ಬೆನ್ನಟ್ಟಲೇ? ಹಿಡಿಯುತ್ತೇನೆಯೇ? ಹೀಗೇಕಾಯಿತು ಅಂತ ಕೇಳಲಿಲ್ಲ.

ಈ "ಬೆನ್ನಟ್ಟು" ಎನ್ನುವ ಪದ ಹಿಡಿದು ಈಗ ಕತೆಯಿಂದ ಸ್ವಲ್ಪ ದೂರ ಹೋಗೋಣ. ಹತಾಶೆಗೆ ಹೀಬ್ರೂವಿನಲ್ಲಿ ಯೇಉಶ್ ಎನ್ನುತ್ತಾರೆ. ಯೆಹೂದಿ ಕಾನೂನಿನಲ್ಲಿ ಈ ಪದ ಎಲ್ಲಕ್ಕಿಂತ ಹೆಚ್ಚು ಚರ್ಚೆಯಾಗಿರುವುದು ಕಳೆದುಹೋದ ವಸ್ತುಗಳ ಪ್ರಕರಣದಲ್ಲಿ. ಯೆಹೂದಿ ಗುರುಗಳ ಚರ್ಚೆಗಳ ಸಂಗ್ರಹವಾದ ತಾಲ್ಮೂದಿನ ಬಾವಾ ಮೆಚಿಯಾ ಎಂಬ ಭಾಗದ ಎರಡನೆಯ ಅಧ್ಯಾಯ ಪೂರ್ತಿ ಅದೇ. ದಾರಿಯಲ್ಲಿ ಏನೋ ಸಿಕ್ಕಿತು. ಹಿಂದಿರುಗಿಸಬೇಕೋ, ಇಟ್ಟುಕೊಳ್ಳಬಹುದೋ? ಬಹಳಷ್ಟು ಸಂದರ್ಭಗಳಲ್ಲಿ ಉತ್ತರ ನಿಂತಿರುವುದು ಒಂದು ಪ್ರಶ್ನೆಯ ಮೇಲೆ: ಕಳೆದುಕೊಂಡವನು ಅದರ ಆಸೆ ಬಿಟ್ಟನೇ? ಬಿಟ್ಟಿದ್ದರೆ ಅದು ಸಿಕ್ಕಿದವನದು. ಹತಾಶೆ ಎಂದರೆ ಇಲ್ಲಿ ಹಕ್ಕು ಬಿಟ್ಟುಕೊಡುವುದು, ನಮ್ಮ ಮಾತಿನಲ್ಲಿ ಹೇಳುವುದಾದರೆ ಎಳ್ಳುನೀರು ಬಿಡುವುದು. ಕಳೆದುಕೊಂಡವನು ಎಷ್ಟು ಅತ್ತ ಎನ್ನುವುದು ಲೆಕ್ಕಕ್ಕೆ ಬರುವುದಿಲ್ಲ. "ಆಸೆ ಬಿಟ್ಟರು" ಎನ್ನುವುದಕ್ಕೆ ಅವರು ಬಳಸುವ ಕ್ರಿಯಾಪದವೂ ಗಟ್ಟಿ ಮಾಡಿಕೊಳ್ಳುವುದರಂತೆ ತನ್ನ ಕಡೆಗೇ ತಿರುಗುವ ಅಚ್ಚಿನದು.

ಅದೇ ಅಧ್ಯಾಯದಲ್ಲಿ ಒಂದು ಉದಾಹರಣೆ ಬರುತ್ತದೆ. ನದಿಗೆ ಪ್ರವಾಹ ಬಂದು ಒಬ್ಬನ ತೊಲೆ, ಕಟ್ಟಿಗೆ, ಕಲ್ಲುಗಳನ್ನು ಕೊಚ್ಚಿಕೊಂಡು ಹೋಗಿ ಇನ್ನೊಬ್ಬನ ಹೊಲದಲ್ಲಿ ಬಿಟ್ಟಿತು. ಹೊಲದವನು ಅವನ್ನು ಇಟ್ಟುಕೊಳ್ಳಬಹುದು, ಯಾಕೆಂದರೆ ಯಜಮಾನ ಆಸೆ ಬಿಟ್ಟಿರುತ್ತಾನೆ. ಆದರೆ ಯಜಮಾನ ಅವುಗಳ ಹಿಂದೆ ಓಡಿ ಬರುತ್ತಿದ್ದರೆ ಹಿಂದಿರುಗಿಸಲೇಬೇಕು. ಆ "ಹಿಂದೆ ಓಡುವುದು" ಎನ್ನುವ ಪದದ ಬೇರು ದಾವೀದ ಕೇಳಿದ "ಬೆನ್ನಟ್ಟಲೇ" ಎನ್ನುವುದರ ಬೇರೇ. ಎರಡನ್ನೂ ಜೋಡಿಸಿ ಓದುತ್ತಿರುವುದು ನಾನು, ಸಂಪ್ರದಾಯದ ತಲೆಯ ಮೇಲೆ ಇದನ್ನು ಹೊರಿಸುವುದಿಲ್ಲ. ಆದರೂ ಹೀಗೆ ಜೋಡಿಸಿದ ಮೇಲೆ ಚಿಕ್ಲಗಿನ ದೃಶ್ಯ ನನಗೆ ನಿಚ್ಚಳವಾಯಿತು. ಕಣ್ಣೀರಿಟ್ಟವನು ನಂಬಿಕೆ ಕಳೆದುಕೊಂಡವನು ಅಂತ ನಾವು ಎಷ್ಟು ಬೇಗ ತೀರ್ಮಾನ ಮಾಡಿಬಿಡುತ್ತೇವೆ! ಪ್ರವಾಹದ ಹಿಂದೆ ಅಳುತ್ತಲೇ ಓಡುತ್ತಿರುವವನ ಹಕ್ಕು ಇನ್ನೂ ಅವನ ಕೈಯಲ್ಲೇ ಇದೆ.

ಹಾಗಾದರೆ ಗಟ್ಟಿ ಮಾಡಿಕೊಳ್ಳುವಾಗ ಒಳಗೆ ನಡೆಯುವುದೇನು? ಸಮುವೇಲನ ಪುಸ್ತಕ ಅದನ್ನು ಹೇಳುವುದಿಲ್ಲ, ಒಂದೇ ಪದದಲ್ಲಿ ದಾಟಿಬಿಡುತ್ತದೆ. ಒಳಗಿನ ದನಿ ಕೇಳಬೇಕಾದರೆ ಅದೇ ಧರ್ಮಗ್ರಂಥದಲ್ಲಿರುವ ಪ್ರಾರ್ಥನಾಗೀತೆಗಳಿಗೆ, ಕೀರ್ತನೆಗಳಿಗೆ, ಹೋಗಬೇಕು. 42 ಮತ್ತು 43ನೇ ಕೀರ್ತನೆಗಳಲ್ಲಿ ಒಂದೇ ಪಲ್ಲವಿ ಮೂರು ಸಲ ಬರುತ್ತದೆ: ನನ್ನ ಪ್ರಾಣವೇ, ಯಾಕೆ ಹೀಗೆ ಕುಗ್ಗಿದ್ದೀ, ಯಾಕೆ ಒಳಗೊಳಗೇ ತಳಮಳಿಸುತ್ತೀ, ದೇವರಿಗಾಗಿ ಕಾದಿರು. ನಮ್ಮ ವಚನಕಾರರೂ ದಾಸರೂ ಮನಸ್ಸನ್ನು ಎದುರಿಗೆ ಕೂರಿಸಿಕೊಂಡು ಮಾತಾಡಿಸಿದ ರೀತಿ ಇದು. ಮೊದಲ ಸಲ ಹೇಳಿದ ತಕ್ಷಣ ಸಮಾಧಾನವಾಗಲಿಲ್ಲ ಎನ್ನುವುದು ಸ್ಪಷ್ಟ, ಮುಂದಿನ ಸಾಲಿನಲ್ಲೇ ಪ್ರಾಣ ಮತ್ತೆ ಕುಗ್ಗುತ್ತದೆ. ಎರಡನೆಯ ಸಲ ಹೇಳುತ್ತಾನೆ, ಮೂರನೆಯ ಸಲ ಹೇಳುತ್ತಾನೆ.

ಎಲ್ಲ ಕೀರ್ತನೆಗಳೂ ಬೆಳಕಿಗೆ ತಲುಪುವುದಿಲ್ಲ. 88ನೆಯದರ ಕೊನೆಯ ಪದವೇ "ಕತ್ತಲು". ಮುಂದಿನ ಸಾಲಿಲ್ಲ, ಸಾಂತ್ವನವಿಲ್ಲ. ಗ್ರಂಥವನ್ನು ಕೂಡಿಸಿದವರು ಅದಕ್ಕೊಂದು ಸುಖಾಂತ್ಯ ಅಂಟಿಸದೆ, ಕಿತ್ತು ಹಾಕದೆ, ಹಾಗೇ ಉಳಿಸಿಕೊಂಡರು. ಅಂಥ ಸ್ಥಿತಿಯಲ್ಲಿರುವ ಮನುಷ್ಯನಿಗೂ ಈ ಗ್ರಂಥದಲ್ಲಿ ಒಂದು ಪುಟ ಇದೆ ಎನ್ನುವುದು ನನ್ನ ಮಟ್ಟಿಗೆ ದೊಡ್ಡ ವಿಷಯ. ಆ ಕತ್ತಲಿನ ಮಾತನ್ನೂ ಅವನು ಆಡುತ್ತಿರುವುದು ದೇವರಿಗೇ.

27ನೇ ಕೀರ್ತನೆ ಇನ್ನೂ ವಿಚಿತ್ರ. ಅದರ 13ನೇ ವಚನ "ಲೂಲೇ" ಎಂಬ ಪದದಿಂದ ಶುರುವಾಗುತ್ತದೆ, ಅಂದರೆ "ಇಲ್ಲದೇ ಹೋಗಿದ್ದರೆ". ಬದುಕಿರುವವರ ಲೋಕದಲ್ಲೇ ದೇವರ ಒಳಿತನ್ನು ಕಾಣುತ್ತೇನೆಂದು ನಾನು ನಂಬದೇ ಹೋಗಿದ್ದರೆ... ವಾಕ್ಯ ಅಲ್ಲಿಗೆ ನಿಲ್ಲುತ್ತದೆ. ನಂಬದೇ ಹೋಗಿದ್ದರೆ ಏನಾಗುತ್ತಿತ್ತು? ಹೇಳುವುದಿಲ್ಲ. ಶತಮಾನಗಳಿಂದ ಹಸ್ತಪ್ರತಿ ನಕಲು ಮಾಡಿದವರು ಆ "ಲೂಲೇ" ಪದದ ಮೇಲೂ ಕೆಳಗೂ ಅಪರೂಪದ ಚುಕ್ಕೆಗಳನ್ನು ಜೋಪಾನವಾಗಿ ಉಳಿಸಿಕೊಂಡು ಬಂದಿದ್ದಾರೆ, ಇವತ್ತಿನ ಅಚ್ಚಿನ ಪ್ರತಿಗಳಲ್ಲೂ ಅವು ಇವೆ. ಅರ್ಧಕ್ಕೆ ನಿಂತ ಆ ಮಾತಿನ ಮುಂದಿನ ವಚನದಲ್ಲಿ ನಮ್ಮ ಬೇರು ಮತ್ತೆ ಕಾಣಿಸಿಕೊಳ್ಳುತ್ತದೆ: ದೇವರಿಗಾಗಿ ಕಾದಿರು, ಹಜಕ್, ಗಟ್ಟಿಯಾಗಿರು, ನಿನ್ನ ಎದೆ ಧೈರ್ಯ ತಂದುಕೊಳ್ಳಲಿ, ದೇವರಿಗಾಗಿ ಕಾದಿರು. "ಕಾದಿರು" ಎರಡು ಸಲ ಯಾಕಿದೆ ಅಂತ ತಾಲ್ಮೂದಿನ ಬೆರಾಖೋತ್ ಭಾಗದಲ್ಲಿ ಗುರುಗಳು ಗಮನಿಸುತ್ತಾರೆ. ಅವರ ಉತ್ತರ ಸರಳವಾಗಿದೆ: ಪ್ರಾರ್ಥಿಸಿ ಉತ್ತರ ಬಾರದಿದ್ದರೆ ಮತ್ತೆ ಪ್ರಾರ್ಥಿಸಲಿ. ಅಂದರೆ ಉತ್ತರ ಬಾರದೇ ಇರಬಹುದು ಎನ್ನುವುದನ್ನು ವ್ಯಾಖ್ಯಾನ ಮೊದಲೇ ಒಪ್ಪಿಕೊಂಡಿದೆ. ಅನೇಕ ಯೆಹೂದಿ ಸಮುದಾಯಗಳಲ್ಲಿ ಎಲೂಲ್ ತಿಂಗಳ ಆರಂಭದಿಂದ ಸುಕ್ಕೋತ್ ಹಬ್ಬದ ಕೊನೆಯವರೆಗೆ ದಿನಕ್ಕೆ ಎರಡು ಹೊತ್ತು ಈ ಕೀರ್ತನೆಯನ್ನು ಹೇಳುತ್ತಾರೆ.

ನಂಬಿಕೆ ಅಂತ ಇಷ್ಟು ಹೊತ್ತು ಹೇಳುತ್ತಿರುವುದಕ್ಕೆ ಹೀಬ್ರೂ ಪದ ಎಮುನಾ. ನಾವು ದಿನನಿತ್ಯ ಕೇಳುವ "ಆಮೆನ್" ಕೂಡ ಇದೇ ಬೇರಿನದು. ಗ್ರಂಥದ ಮೊದಲ ಐದು ಪುಸ್ತಕಗಳಾದ ತೋರಾದಲ್ಲಿ ಈ ನಾಮಪದ ಮೊದಲು ಬರುವ ಜಾಗ ನೋಡಿದರೆ ಆಶ್ಚರ್ಯವಾಗುತ್ತದೆ. ವಿಮೋಚನಕಾಂಡದ 17ನೇ ಅಧ್ಯಾಯ, ಅಲ್ಲೂ ಅಮಾಲೇಕ್ಯರ ಜೊತೆಗೇ ಯುದ್ಧ. ಮೋಶೆ ಗುಡ್ಡದ ಮೇಲೆ ನಿಂತು ಕೈ ಎತ್ತಿರುವಷ್ಟು ಹೊತ್ತು ಇಸ್ರೇಲ್ಯರು ಗೆಲ್ಲುತ್ತಾರೆ, ಕೈ ಇಳಿದಾಗ ಸೋಲುತ್ತಾರೆ. ಕೈ ಸೋತು ಬಂದಾಗ ಒಂದು ಕಲ್ಲು ತಂದು ಅವನನ್ನು ಕೂರಿಸುತ್ತಾರೆ, ಆರೋನ ಒಂದು ಕಡೆ, ಹೂರ ಇನ್ನೊಂದು ಕಡೆ ನಿಂತು ಕೈಗಳನ್ನು ಹಿಡಿದುಕೊಳ್ಳುತ್ತಾರೆ. ಹೊತ್ತು ಮುಳುಗುವವರೆಗೆ ಅವನ ಕೈಗಳು "ಎಮುನಾ" ಆಗಿದ್ದವು ಎನ್ನುತ್ತದೆ ಗ್ರಂಥ. ಅಂದರೆ ಅಲುಗಾಡದೆ ನಿಂತಿದ್ದವು. ಇಂಥದ್ದು ನಿಜ ಅಂತ ತಲೆಯಲ್ಲಿ ಒಪ್ಪಿಕೊಳ್ಳುವುದಕ್ಕಿಂತ, ಹಳಗನ್ನಡದ "ನೆಮ್ಮು", ಒರಗಿಕೊಳ್ಳು, ಆನಿಕೊಳ್ಳು ಎನ್ನುವುದೇ ಇದಕ್ಕೆ ಹತ್ತಿರ. ಕಲ್ಲಿನ ಮೇಲೆ ಕೂತು, ಇಬ್ಬರ ಹೆಗಲಿಗೆ ಭಾರ ಬಿಟ್ಟ ಮುದುಕನ ಸೋತ ಕೈಗಳು. ತೋರಾದಲ್ಲಿ ಎಮುನಾ ಎನ್ನುವ ಪದ ಮೊದಲು ಕೊಡುವ ಚಿತ್ರ ಅದು.

ಇಷ್ಟು ಹೇಳಿ, ಚಿಕ್ಲಗಿನಲ್ಲಿ ಆದಂತೆ ಎಲ್ಲರಿಗೂ ಎಲ್ಲವೂ ಮರಳಿ ಸಿಗುತ್ತದೆ ಅಂದರೆ ಅದು ಸುಳ್ಳು. ಎರಡನೇ ಮಹಾಯುದ್ಧದಲ್ಲಿ ನಾತ್ಸಿಗಳು ವಾರ್ಸಾ ನಗರದ ಯೆಹೂದ್ಯರನ್ನು ಗೋಡೆಯೊಳಗೆ ಕೂಡಿಹಾಕಿದ್ದಾಗ, ಹಸೀದಿ ಎಂಬ ಯೆಹೂದಿ ಭಕ್ತಿಪಂಥದ ಗುರು ಬ್ರಾತ್ಸ್ಲಾವಿನ ನಖ್ಮಾನನ (1772–1810) ಅನುಯಾಯಿಗಳ ಪ್ರಾರ್ಥನಾ ಮಂದಿರದಲ್ಲಿ ಒಂದು ದೊಡ್ಡ ಫಲಕ ಇತ್ತು: ಯೆಹೂದ್ಯರೇ, ಹತಾಶರಾಗಬೇಡಿ. ಇದನ್ನು ಬರೆದಿಟ್ಟವನು ಅಲ್ಲೇ ಇದ್ದ ಇತಿಹಾಸಕಾರ ಎಮ್ಮಾನುಯೆಲ್ ರಿಂಗೆಲ್‌ಬ್ಲುಮ್. ಅವನೂ ಅವನ ಗೆಳೆಯರೂ ಆ ದಿನಗಳ ಕಾಗದಪತ್ರಗಳನ್ನು ಗುಟ್ಟಾಗಿ ಕೂಡಿಸಿ, ತಗಡಿನ ಪೆಟ್ಟಿಗೆಗಳಲ್ಲಿ, ಹಾಲಿನ ಕ್ಯಾನುಗಳಲ್ಲಿ ತುಂಬಿ ನೆಲದಲ್ಲಿ ಹೂತರು. ರಿಂಗೆಲ್‌ಬ್ಲುಮ್‌ನನ್ನು 1944ರಲ್ಲಿ ಕೊಂದರು. ಪೆಟ್ಟಿಗೆಗಳು 1946ರಲ್ಲಿ, ಎರಡು ಕ್ಯಾನುಗಳು 1950ರಲ್ಲಿ ಅವಶೇಷಗಳಡಿ ಸಿಕ್ಕವು. ಫಲಕದ ಕೆಳಗೆ ನಿಂತು ಪ್ರಾರ್ಥಿಸಿದವರ ಹೆಂಡತಿ ಮಕ್ಕಳು ಮರಳಿ ಬರಲಿಲ್ಲ. ಇದನ್ನು ಗಟ್ಟಿ ಮಾಡಿಕೊಳ್ಳುವುದರ ಯಾವ ಲೆಕ್ಕಕ್ಕೆ ಸೇರಿಸಬೇಕು ಅಂತ ಬಲವಂತವಾಗಿ ತೀರ್ಮಾನಿಸಲು ನನಗೆ ಮನಸ್ಸಿಲ್ಲ. ಯಾರಾದರೂ ಮುಂದೆ ಅಗೆದು ತೆಗೆದು ಓದುತ್ತಾರೆ ಅಂತ ಹೂತಿಟ್ಟವರು ಎಳ್ಳುನೀರು ಬಿಟ್ಟವರಲ್ಲ ಎನ್ನುವುದಂತೂ ಕಣ್ಣಿಗೆ ಕಾಣುತ್ತದೆ.

ಈಗ ಚಿಕ್ಲಗಿಗೆ ಮರಳೋಣ. ಬೆನ್ನಟ್ಟು, ಹಿಡಿದೇ ಹಿಡಿಯುತ್ತೀ ಎನ್ನುವ ಉತ್ತರ ಬಂತು. 600 ಜನ ಹೊರಟರು. ಬೆಸೋರ್ ಹಳ್ಳದ ಹತ್ತಿರ ಬಂದಾಗ 200 ಜನ ಕುಸಿದರು. ಮೂರು ದಿನದ ನಡಿಗೆ, ಆಮೇಲೆ ಅಳು, ಈಗ ಮತ್ತೆ ಓಟ. ಹಳ್ಳ ದಾಟುವ ತ್ರಾಣ ಅವರಿಗಿರಲಿಲ್ಲ. ಅವರನ್ನು ಸಾಮಾನಿನ ಜೊತೆ ಅಲ್ಲೇ ಬಿಟ್ಟು 400 ಜನ ಮುಂದೆ ಹೋದರು.

ಬಯಲಲ್ಲಿ ಒಬ್ಬ ಈಜಿಪ್ಟಿನವನು ಬಿದ್ದಿದ್ದ. ಅಮಾಲೇಕ್ಯನೊಬ್ಬನ ಆಳು. ಕಾಯಿಲೆ ಬಿದ್ದನೆಂದು ಯಜಮಾನ ಮೂರು ದಿನದ ಹಿಂದೆ ಬಿಟ್ಟು ಹೋಗಿದ್ದ, ಅಲ್ಲಿಂದ ಅನ್ನ ನೀರಿಲ್ಲ. ಚಿಕ್ಲಗಿಗೆ ಬೆಂಕಿ ಇಟ್ಟ ಗುಂಪಿನಲ್ಲಿ ಇವನೂ ಇದ್ದ. ಒಂದೊಂದು ಗಳಿಗೆಯೂ ಅಮೂಲ್ಯವಾಗಿದ್ದ ಆ ಹೊತ್ತಿನಲ್ಲಿ ದಾವೀದನ ಜನ ನಿಂತರು. ರೊಟ್ಟಿ ಕೊಟ್ಟರು, ನೀರು ಕುಡಿಸಿದರು, ಅಂಜೂರದ ಉಂಡೆಯ ಒಂದು ತುಂಡು, ಒಣದ್ರಾಕ್ಷಿಯ ಎರಡು ಗೊಂಚಲು. ಗ್ರಂಥ ಇವನ್ನೆಲ್ಲ ಒಂದೊಂದಾಗಿ ಎಣಿಸುತ್ತದೆ. ತಿಂದ ಮೇಲೆ ಅವನಿಗೆ ಜೀವ ಬಂತು. ನೀನು ಯಾರವನು, ಎಲ್ಲಿಂದ ಬಂದೆ ಅಂತ ದಾವೀದ ಕೇಳುವುದು ಆಮೇಲೆ. ದಾರಿ ತೋರಿಸಿದವನು ಅವನೇ.

ಹೋದದ್ದೆಲ್ಲ ಸಿಕ್ಕಿತು. ಚಿಕ್ಕವರು ದೊಡ್ಡವರು, ಗಂಡುಮಕ್ಕಳು ಹೆಣ್ಣುಮಕ್ಕಳು, ಒಬ್ಬರೂ ಕಡಿಮೆಯಾಗಲಿಲ್ಲ. ಮರಳಿ ಹಳ್ಳದ ಹತ್ತಿರ ಬಂದಾಗ 400 ಜನರಲ್ಲಿ ಕೆಲವರು ಜಗಳ ತೆಗೆದರು: ನಮ್ಮ ಜೊತೆ ಬಾರದವರಿಗೆ ಪಾಲಿಲ್ಲ, ಹೆಂಡತಿ ಮಕ್ಕಳನ್ನು ಕರೆದುಕೊಂಡು ನಡೆಯಲಿ. ದಾವೀದ ಒಪ್ಪಲಿಲ್ಲ. ಯುದ್ಧಕ್ಕೆ ಇಳಿದವನಿಗೆ ಎಷ್ಟೋ ಸಾಮಾನಿನ ಹತ್ತಿರ ಕೂತವನಿಗೂ ಅಷ್ಟೇ ಅಂದ. ಅಂದಿನಿಂದ ಇಸ್ರೇಲಿನಲ್ಲಿ ಅದೇ ಕಟ್ಟಳೆಯಾಯಿತು ಎನ್ನುತ್ತದೆ ಗ್ರಂಥ.

ಆ ಜಗಳಕ್ಕೂ ಸ್ವಲ್ಪ ಮೊದಲು ಒಂದು ಚಿಕ್ಕ ವಾಕ್ಯವಿದೆ, ಓದುವಾಗ ಸುಲಭವಾಗಿ ತಪ್ಪಿಹೋಗುತ್ತದೆ. ಗೆದ್ದು ಬಂದವರನ್ನು ಎದುರುಗೊಳ್ಳಲು ಆ 200 ಜನ ಹಳ್ಳದ ದಡದಿಂದ ಎದ್ದು ಬಂದರು. ಸುಟ್ಟ ಊರಿನಲ್ಲಿ ದಾವೀದ ದೇವರನ್ನು "ಕೇಳಿದ" ಎನ್ನುವುದಕ್ಕೆ ಬಳಸಿದ ಕ್ರಿಯಾಪದವನ್ನೇ ಗ್ರಂಥ ಇಲ್ಲಿ ಮತ್ತೆ ಬಳಸುತ್ತದೆ. ದಾವೀದ ಅವರ ಹತ್ತಿರಕ್ಕೆ ಹೋಗಿ, ಹೇಗಿದ್ದೀರಿ ಅಂತ ಕೇಳಿದ.